ಖಾನಾವಳಿ ಆಯಿ ಕೇಳಿದ ಸಿಂಹದ ಸಾವು

ಹೋದ ತಿಂಗಳು ಬೀಳಗಿಯಿಂದ ಮುಧೋಳಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬ ಹಿರಿಯರು ಬಂದು ನನ್ನ ಪಕ್ಕ ಕುಳಿತರು. ಮಳೆಯಲ್ಲಿ ತೊಯ್ದ ಕರಿ ಕಂಬಳಿ ಹೊದ್ದಿದ್ದರು. ಕುರಿ, ಒಲೆಯ ಹೊಗೆ, ಹಸಿ ಮಣ್ಣು ಮೂರೂ ಕೂಡಿದ ವಾಸನೆ ಬಸ್ಸಿನ ತುಂಬ ಹರಡಿತು. ಮುಂದಿನ ಸೀಟಿನ ಹೆಣ್ಣುಮಗಳು ಸೆರಗನ್ನು ಮೂಗಿಗೆ ಹಿಡಿದಳು. ನನಗೆ ಮಾತ್ರ ಒಮ್ಮೆಲೇ ಹಸಿವಾಯಿತು.

ಜಮಖಂಡಿಯಲ್ಲಿ ನಾನು ಮೂರು ವರ್ಷ ಉಂಡ ಖಾನಾವಳಿಯಲ್ಲಿ ಕೂರಲು ಹಾಸುತ್ತಿದ್ದುದು ಇಂಥದೇ ಕಂಬಳಿಯ ಪಟ್ಟಿ. ಮಳೆಗಾಲದಲ್ಲಿ ಅದು ಒಣಗುತ್ತಲೇ ಇರಲಿಲ್ಲ. ಆ ವಾಸನೆಯ ಮೇಲೆ ಕುಳಿತೇ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳಿನ ಚಟ್ನಿಪುಡಿ, ಗಟ್ಟಿ ಮೊಸರು. ಹೊಸದಾಗಿ ಬಂದ ಹುಡುಗರು ಮೊದಲ ದಿನ ಮೂಗು ಮುರಿಯುತ್ತಿದ್ದರು. ನಾಲ್ಕನೆಯ ದಿನಕ್ಕೆ ಅವರೂ ಸರಿಹೋಗುತ್ತಿದ್ದರು. ಖಾನಾವಳಿಗೆ ಬೋರ್ಡು ಇರಲಿಲ್ಲ. ‘ಆಯಿ ಮನಿ’ ಎಂದರೆ ಕಾಲೇಜಿನ ಹುಡುಗರಿಗೆಲ್ಲ ಗೊತ್ತು.

ಆಯಿ ಕುರಿಗಾರರ ಮನೆಯವಳು. ಮದುವೆಯಾದ ವರ್ಷದಿಂದ ಗಂಡನ ಹಿಂಡಿನ ಹಿಂದೆ ಊರೂರು ನಡೆದವಳು. ಕೃಷ್ಣೆಯ ಈ ದಡ ಆ ದಡ ಎಲ್ಲ ಆಕೆಯ ಪಾದಕ್ಕೆ ಗೊತ್ತಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಜಮಖಂಡಿಯ ತಂಗಿಯ ಮನೆಯ ಮುಂದಿನ ಎರಡು ಖೋಲಿ ಹಿಡಿದು ಅಡುಗೆಗೆ ನಿಂತಿದ್ದಳು. ಗಂಡುಮಕ್ಕಳು ಹಿಂಡಿನ ಜೊತೆಗೇ ಇದ್ದರು, ವರ್ಷಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದರು. ‘ಅವರ ಜೋಡಿ ಹೋಗೂದಿಲ್ಲೇನು ಆಯಿ’ ಎಂದು ನಾನೊಮ್ಮೆ ಕೇಳಿದ್ದೆ. ‘ಹಿಂಡು ನಿಲ್ಲೂದಿಲ್ಲ ತಮ್ಮಾ’ ಎಂದಷ್ಟೇ ಹೇಳಿ ರೊಟ್ಟಿ ಮಗುಚಿದ್ದಳು.

ನಾನು ಬನಹಟ್ಟಿಯ ಮಗ್ಗದ ಮನೆಯ ಮಗ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು, ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ಸಹಿ ಕಲಿತದ್ದೇ ನನ್ನ ಪ್ರವೇಶದ ಅರ್ಜಿಗೆ. ಮೂರು ವರ್ಷ ಓದು, ಅದರ ಮೇಲೆ ಒಂದು ದಿನವೂ ಇಲ್ಲ, ಫೇಲಾದರೆ ನೆಟ್ಟಗೆ ಬಂದು ಮಗ್ಗದ ಮುಂದೆ ನಿಲ್ಲು ಎಂದು ಹೇಳಿಯೇ ಕಳಿಸಿದ್ದರು. ಅದು ಬೆದರಿಕೆಯಲ್ಲ. ಮನೆಯಲ್ಲಿ ಮಗ್ಗ ಎರಡಿದ್ದವು, ಕೈ ಒಬ್ಬರವೇ ಇದ್ದವು.

ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಪ್ರಾಣಿಶಾಸ್ತ್ರಕ್ಕೆ ಒಂದು ಸೆಮಿನಾರ್ ಇತ್ತು. ಸರ್ ಚೀಟಿ ಎತ್ತಿಸಿದರು. ಒಬ್ಬನಿಗೆ ಕಪ್ಪೆಯ ಹೃದಯ ಬಂತು, ಒಬ್ಬಳಿಗೆ ಜೇನಿನ ಗೂಡು. ನನ್ನ ಚೀಟಿಯಲ್ಲಿ ‘ಕಾಡಿನ ಸಿಂಹಗಳ ಸಾವು: ರೋಗ ಮತ್ತು ಗಾಯ’ ಎಂದಿತ್ತು. ನಾನು ಸಿಂಹವನ್ನು ನೋಡಿದ್ದು ಕ್ಯಾಲೆಂಡರಿನಲ್ಲಿ, ಅದೂ ದೇವಿಯ ಕಾಲ ಕೆಳಗೆ. ಅದಕ್ಕೆ ಸಾವು ಬರುತ್ತದೆ ಎಂಬ ವಿಚಾರವೇ ನನ್ನ ತಲೆಯಲ್ಲಿ ಹಾದಿರಲಿಲ್ಲ. ಸರ್ ಕೊಟ್ಟ ಇಂಗ್ಲಿಷಿನ ಝೆರಾಕ್ಸ್ ಹಾಳೆಗಳನ್ನು ಹದಿನೈದು ದಿನ ಬಾಯಿಪಾಠ ಮಾಡಿದೆ. ಮಂತ್ರ ಕಲಿತ ಹಾಗೆ ಕಲಿತೆ, ಅರ್ಥದ ಗೊಡವೆಗೆ ಹೋಗಲಿಲ್ಲ.

ಸೆಮಿನಾರಿನ ದಿನ ಎರಡು ಪುಟ ನಿಲ್ಲದೆ ಒಪ್ಪಿಸಿದೆ. ಸರ್ ಮಧ್ಯದಲ್ಲಿ ಕೈ ಎತ್ತಿ, ಕನ್ನಡದಲ್ಲೇ ಒಂದು ಪ್ರಶ್ನೆ ಕೇಳಿದರು. ಕಾಡೆಮ್ಮೆಯೊಂದು ಒದ್ದು ಸಿಂಹದ ದವಡೆ ಮುರಿಯಿತು, ಕೆಲವು ದಿನಗಳ ನಂತರ ಸಿಂಹ ಸತ್ತಿತು, ಯಾವುದರಿಂದ ಸತ್ತಿತು?

‘ದವಡಿಯಿಂದರಿ ಸರ್’ ಎಂದೆ.

ಇಡೀ ವರ್ಗ ನಕ್ಕಿತು. ಸರ್ ನಗಲಿಲ್ಲ. ದವಡೆಯಿಂದ ಹೇಗೆ ಸಾಯುತ್ತದೆ ಎಂದು ಕೇಳಿದರು. ನನ್ನ ಬಾಯಿಪಾಠದಲ್ಲಿ ಆ ಪ್ರಶ್ನೆ ಇರಲಿಲ್ಲ. ಬರುವ ಶನಿವಾರ ಇನ್ನೊಮ್ಮೆ ಬಾ, ಆಗಲೂ ಹೀಗೇ ಆದರೆ ಇಂಟರ್ನಲ್ ಮಾರ್ಕ್ಸ್ ಕೊಡುವುದಿಲ್ಲ ಎಂದರು. ಇಂಟರ್ನಲ್ ಇಲ್ಲವೆಂದರೆ ಫೇಲು. ಫೇಲೆಂದರೆ ಮಗ್ಗ.

ಆ ಮಧ್ಯಾಹ್ನ ಖಾನಾವಳಿಯಲ್ಲಿ ನಾನು ಒಂದು ರೊಟ್ಟಿಯನ್ನೂ ಮುಗಿಸಲಿಲ್ಲ. ಆಯಿಗೆ ಹುಡುಗರು ಉಣ್ಣದೆ ಎದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಏನಾಯಿತೆಂದು ಕೇಳಿದಳು. ನನ್ನ ಖೋಲಿಯ ಗೆಳೆಯ, ಮುಧೋಳದವನು, ನಾನು ಬಾಯಿ ತೆರೆಯುವ ಮೊದಲೇ ಎಲ್ಲ ಒದರಿದ. ‘ಇವನ ಸಿಂಹ ದವಡಿಯಿಂದ ಸತ್ತೈತಿ ಆಯಿ’ ಎಂದು ನಗೆ ತಡೆಯಲಾಗದೆ ತಾಟು ಬದಿಗಿಟ್ಟ.

ಆಯಿ ನಕ್ಕಳು, ಆದರೆ ನನ್ನ ಮೇಲಲ್ಲ. ‘ಎಷ್ಟು ದೊಡ್ಡದಿದ್ದರ ಏನು, ಸತ್ತದ್ದು ಸತ್ತದ್ದೇ. ಕೊಯ್ದು ನೋಡಿದ್ರೇನು ನೀವು?’ ಎಂದಳು.

ನಮಗೆ ಅರ್ಥವಾಗಲಿಲ್ಲ. ಆಗ ಆಕೆ ಹಿಂಡಿನ ರೀತಿ ಹೇಳಿದಳು. ಕುರಿ ಸತ್ತರೆ ಹಾಗೆಯೇ ಹೂಳುವುದಿಲ್ಲ. ಗಿಡದ ನೆರಳಿಗೆ ಎಳೆದು ಹೊಟ್ಟೆ ಸೀಳುತ್ತಾರೆ. ಬಿಡಾರದವರೆಲ್ಲ ಸುತ್ತ ನಿಲ್ಲಬೇಕು. ಪಿತ್ತದ ಚೀಲ ಎಷ್ಟು ದೊಡ್ಡದಾಗಿದೆ, ಕರುಳು ಕೆಂಪಿದೆಯೋ ಕಪ್ಪಿದೆಯೋ, ಪುಪ್ಪುಸ ಮೆತ್ತಗಿದೆಯೋ ಗಟ್ಟಿಯೋ ನೋಡಬೇಕು. ಯಾಕೆಂದರೆ ಸತ್ತ ಕುರಿ ಹೋಯಿತು, ಉಳಿದವುಗಳ ಜೀವ ಆ ಹೊಟ್ಟೆಯಲ್ಲಿದೆ. ಇನ್ನೊಂದು ಕಟ್ಟುನಿಟ್ಟು ಇತ್ತು. ಮೊದಲು ಮಾತಾಡಬೇಕಾದವರು ಎಲ್ಲರಿಗಿಂತ ಚಿಕ್ಕವರು. ಆಮೇಲೆ ಅವರಿಗಿಂತ ದೊಡ್ಡವರು. ಯಜಮಾನ ಕೊನೆಗೆ.

‘ಹಿರ್ಯಾ ಮೊದಲ ಅಂದುಬಿಟ್ಟರ ಉಳದವರಿಗೆ ಕಣ್ಣು ಇರೂದಿಲ್ಲ’ ಎಂದಳು.

ಆಕೆ ಅದನ್ನು ಸುಮ್ಮನೆ ಹೇಳಿರಲಿಲ್ಲ. ಒಂದು ವರ್ಷ ಬೀಳಗಿಯ ಕಡೆ ಹಿಂಡು ಬಿಟ್ಟಿದ್ದಾಗ ಹೊಸ ಮಳೆಗೆ ಹುಲ್ಲು ಮೊಣಕಾಲುದ್ದ ಎದ್ದಿತ್ತಂತೆ. ಸಂಜೆ ಒಂದು ಕುರಿ ಬಿದ್ದು ಸತ್ತಿತು. ಮೋಡ ಕವಿದಿತ್ತು, ಬಿಡಾರ ಕೀಳುವ ಅವಸರ. ಆಯಿಯ ಗಂಡ ದೂರದಿಂದಲೇ ನೋಡಿ ‘ಹಾವು ಮುಟ್ಟೈತಿ’ ಎಂದುಬಿಟ್ಟ. ಯಜಮಾನ ಹೇಳಿದ ಮೇಲೆ ಮುಗಿಯಿತು. ಯಾರೂ ಕೊಯ್ಯಲಿಲ್ಲ. ಹಿಂಡನ್ನು ಅದೇ ಎಳೆ ಹುಲ್ಲಿನಲ್ಲಿ ಮೇಯಿಸುತ್ತ ಮುಂದೆ ಹೋದರು. ಅದು ಹಾವಾಗಿರಲಿಲ್ಲ, ಎಳೆ ಹುಲ್ಲು ಗಬಗಬ ತಿಂದಾಗ ಬರುವ ಕರುಳುಬೇನೆ. ಮೂರು ದಿನದಲ್ಲಿ ಅರ್ಧ ಹಿಂಡು ಹೋಯಿತು. ಮೊದಲ ಕುರಿಯ ಹೊಟ್ಟೆ ಉಬ್ಬಿದ್ದನ್ನು ಆಯಿ ನೋಡಿದ್ದಳಂತೆ... ಆದರೂ ಗಂಡ ಹೇಳಿದ ಮೇಲೆ ತನ್ನ ಕಣ್ಣನ್ನೇ ನಂಬಲಿಲ್ಲವಂತೆ.

ಇಷ್ಟು ಹೇಳಿ ಸ್ವಲ್ಪ ಹೊತ್ತು ಹಿಟ್ಟು ನಾದಿದಳು. ಆಮೇಲೆ ತಲೆ ಎತ್ತಿ, ‘ತಗೊಂಡು ಬಾ ನಿನ್ನ ಸಿಂಹಾನ. ಇಲ್ಲೇ ಕೊಯ್ಯೂಣು’ ಎಂದಳು.

ಹೀಗೆ ನಾಲ್ಕು ದಿನ ಜಮಖಂಡಿಯ ಆ ಖೋಲಿಯಲ್ಲಿ ಊಟದ ಜೊತೆ ಸಿಂಹಗಳ ಹೆಣ ಪರೀಕ್ಷೆ ನಡೆಯಿತು. ನಾನು ಡಿಕ್ಷನರಿ ಇಟ್ಟುಕೊಂಡು ಝೆರಾಕ್ಸಿನ ಒಂದೊಂದು ಪ್ಯಾರಾ ಬಿಡಿಸಿ ಹೇಳುತ್ತಿದ್ದೆ. ಪಂಗ್ತಿಯಲ್ಲಿ ಎಲ್ಲರಿಗಿಂತ ಚಿಕ್ಕವನು ಗಲಗಲಿಯಿಂದ ಬಂದ ಪಿಯುಸಿಯವನು. ಅವನೇ ಮೊದಲು ಬಾಯಿ ಬಿಡಬೇಕು. ಮುಧೋಳದ ಗೆಳೆಯ ಎರಡನೆಯವನು. ನಾನು ಮೂರನೆಯವನು. ಆಯಿ ಕೊನೆಗೆ.

ದವಡೆ ಮುರಿದ ಸಿಂಹದಿಂದಲೇ ಶುರುಮಾಡಿದೆವು. ಗಲಗಲಿಯವನು ರೊಟ್ಟಿ ಅಗಿಯುತ್ತಲೇ, ಅದಕ್ಕೆ ಅಗಿಯಲು ಬರಲಿಲ್ಲ, ಹಸಿದು ಸತ್ತಿತು ಎಂದ. ಒಂದು ವಾಕ್ಯದಲ್ಲಿ ನನ್ನ ಸೆಮಿನಾರ್ ಮುಗಿಸಿದ. ಗೆಳೆಯ, ಗಾಯಕ್ಕೆ ಕೀವು ತುಂಬಿ ನೊಣ ಕುಳಿತು ಹುಳ ಬಿದ್ದಿರಬೇಕು ಎಂದ. ನನಗೆ ಹೊಳೆದದ್ದು, ಹಸಿದ ಮೈಯಲ್ಲಿ ಗಾಯ ಮಾಯುವುದಿಲ್ಲ, ಅಂದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ಬಂದಿವೆ. ಎಲ್ಲ ಮುಗಿದ ಮೇಲೆ ಆಯಿ ಕೇಳಿದಳು, ‘ಅಷ್ಟು ದೊಡ್ಡ ಎಮ್ಮಿ ಮ್ಯಾಲ ಒಂದ ಯಾಕ ಹೋತು? ಜೋಡಿ ಯಾರೂ ಇರ್ಲಿಲ್ಲೇನು?’

ಹಾಳೆ ತಿರುವಿ ನೋಡಿದೆ. ಉತ್ತರ ಅಲ್ಲೇ ಇತ್ತು, ನಾನು ಬಾಯಿಪಾಠವನ್ನೂ ಮಾಡಿದ್ದೆ. ಅದು ವಯಸ್ಸಾದ ಗಂಡು. ಹೊಸದಾಗಿ ಬಂದ ಗಂಡುಗಳ ಜೊತೆ ಕಾದಾಡಿ, ಸೋತು, ಗುಂಪಿನಿಂದ ಹೊರಬಿದ್ದಿತ್ತು. ಒಂಟಿಯಾದ ಮೇಲೆ ಸಿಕ್ಕಿದ್ದರ ಮೇಲೆ ಬೀಳಲೇಬೇಕಲ್ಲ. ಅಲ್ಲಿಂದ ಒದೆ, ಒದೆಯಿಂದ ದವಡೆ, ದವಡೆಯಿಂದ ಹಸಿವು. ಕಾಲಿಗೆ ಮುಳ್ಳುಹಂದಿಯ ಮುಳ್ಳು ಚುಚ್ಚಿಕೊಂಡ ಸಿಂಹದ ಕತೆಯೂ ಹೀಗೇ ಆಯಿತು. ಮುಳ್ಳು ಬೆರಳುದ್ದ, ಆದರೆ ಅದು ಪಂಜದಲ್ಲಿ ಕೀವಾದರೆ ಓಡುವುದು ನಿಂತಿತು, ಓಡುವುದು ನಿಂತರೆ ಊಟ ನಿಂತಿತು.

ಮೂರನೆಯ ದಿನ ಉಣ್ಣಿಯ ಪ್ಯಾರಾ ಬಂತು. ಬರದ ವರ್ಷ ಕಾಡೆಮ್ಮೆಗಳು ಸೊರಗಿ ಮೈತುಂಬ ಉಣ್ಣಿ ಹತ್ತುತ್ತವೆ. ಸುಲಭಕ್ಕೆ ಸಿಗುವ ಆ ಎಮ್ಮೆಗಳನ್ನು ಸಿಂಹಗಳು ತಿನ್ನುತ್ತವೆ, ಉಣ್ಣಿ ಇವುಗಳ ಮೈಗೆ ದಾಟುತ್ತವೆ, ರಕ್ತಕ್ಕೆ ಜ್ವರ ಸೇರುತ್ತದೆ. ಅದೇ ಹೊತ್ತಿಗೆ ನಾಯಿಗಳಿಂದ ಬರುವ ಡಿಸ್ಟೆಂಪರ್ ಎಂಬ ರೋಗವೂ ಹಬ್ಬಿದರೆ ಸಿಂಹಗಳು ಸಾಲಾಗಿ ಸಾಯುತ್ತವೆ. ಡಿಸ್ಟೆಂಪರ್ ಬಂದರೆ ಹೇಗಿರುತ್ತದೆ ಎಂದು ನಾನು ಓದತೊಡಗಿದ್ದೆ. ಮುಧೋಳದ ಗೆಳೆಯ ತಾನೇ ಹೇಳಿದ.

ಅವರ ಮನೆಯಲ್ಲಿ ಬೇಟೆನಾಯಿ ಸಾಕುತ್ತಿದ್ದರು, ಉದ್ದ ಕಾಲಿನ, ಬಡಕಲು ಹೊಟ್ಟೆಯ ಮುಧೋಳ ನಾಯಿಗಳು. ಒಂದು ಸೂಲಿನ ಮರಿಗಳಿಗೆಲ್ಲ ಅದು ಬಂದಿತ್ತಂತೆ. ಕಣ್ಣು ಮೂಗು ಸೋರುವುದು, ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿದ ಹಾಗೆ ದವಡೆ ಆಡಿಸುವುದು, ಮಲಗಿದಲ್ಲೇ ಕಾಲು ಎಳೆಯುವುದು. ಇವನ ಮುದ್ದಿನ ಮರಿ ಕೊನೆಗೆ ಹೋಯಿತು. ಸದಾ ಗಲಾಟೆ ಮಾಡುತ್ತಿದ್ದವನು ಅಂದು ಮೊಸರನ್ನು ಬೆರಳಿನಿಂದ ತಿರುವುತ್ತ ಕುಳಿತುಬಿಟ್ಟ. ನಾನು ಹಾಳೆ ನೋಡಿದೆ. ಸಿಂಹಕ್ಕೂ ಅದೇ ಬರೆದಿತ್ತು, ಒಂದಕ್ಷರ ಬೇರೆ ಇರಲಿಲ್ಲ.

ನಾಯಿಗೂ ಸಿಂಹಕ್ಕೂ ಭೇಟಿ ಎಲ್ಲಿ ಎಂದು ಗಲಗಲಿಯವನು ಕೇಳಿದ. ಹೆಣದ ಹತ್ತಿರ, ಎಂದಳು ಆಯಿ. ಕಾಡಂಚಿನ ಊರಿನ ನಾಯಿ ಸತ್ತ ದನದ ಮೇಲೆ ಬಾಯಿ ಹಾಕುತ್ತದೆ, ಅದೇ ದನಕ್ಕೆ ಸಿಂಹವೂ ಬರುತ್ತದೆ. ಆಮೇಲೆ ಆಕೆ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡೆ.

‘ಉಣ್ಣಿ ಒಂದ ಬಂದರ ತಡಕೋತೈತಿ. ಬ್ಯಾನಿ ಒಂದ ಬಂದರೂ ತಡಕೋತೈತಿ. ಎರಡೂ ಕೂಡಿ ಬಂದ ದಿನ ಟಗರೂ ಮಲಗತೈತಿ.’

ಝೆರಾಕ್ಸಿನ ಕೊನೆಯ ಎರಡು ಪುಟ ಹೇಳುತ್ತಿದ್ದುದು ಇಷ್ಟೇ. ಆ ಇಂಗ್ಲಿಷನ್ನು ನಾನು ಉಸಿರು ಕಟ್ಟಿ ಬಾಯಿಪಾಠ ಮಾಡಿದ್ದೆ, ಅದು ಏನು ಹೇಳುತ್ತದೆಂದು ಸಹಿ ಮಾಡಲೂ ಬಾರದ ಒಬ್ಬ ಮುದುಕಿ ರೊಟ್ಟಿ ಬಡಿಯುತ್ತ ಹೇಳಿದಳು. ನನಗೆ ನಾಚಿಕೆಯಾಗಬೇಕಿತ್ತು. ಬಹಳ ಖುಷಿಯಾಯಿತು.

ಶನಿವಾರ ಬಂತು. ತಾನೂ ಬರುತ್ತೇನೆ ಎಂದು ಆಯಿ ಹಟ ಹಿಡಿದಳು. ಇಷ್ಟು ವರ್ಷ ಕಾಲೇಜಿನ ಹುಡುಗರಿಗೆ ನೀಡಿದ್ದೇನೆ, ಕಾಲೇಜು ಒಳಗೆ ಹೇಗಿರುತ್ತದೆ ನೋಡಿಲ್ಲ ಎಂದಳು. ಮಧ್ಯಾಹ್ನದ ಊಟ ಹನ್ನೊಂದಕ್ಕೇ ಮುಗಿಸಿ, ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು ಉಟ್ಟು, ಗಲಗಲಿಯವನ ತೋಳು ಹಿಡಿದು ಹೊರಟಳು. ಗೇಟಿನಲ್ಲಿ ಪ್ಯೂನ್ ತಡೆದು ಯಾರು ಬೇಕು ಎಂದು ಕೇಳಿದನಂತೆ. ‘ನನ್ನ ಸಿಂಹ ಐತ್ರಿ ಒಳಗ’ ಎಂದಳಂತೆ. ಪ್ಯೂನ್ ಏನು ತಿಳಿದುಕೊಂಡನೋ, ಬಿಟ್ಟ.

ಸರ್ ಆಕೆಯನ್ನು ನೋಡಿ ಹುಬ್ಬೇರಿಸಿ, ಕೂರಲು ಕೈ ತೋರಿಸಿದರು. ಆಯಿ ಕೊನೆಯ ಬೆಂಚಿನಲ್ಲಿ ಮೊಣಕಾಲು ಒತ್ತಿಕೊಳ್ಳುತ್ತ ಕುಳಿತಳು.

ನಾನು ಹಾಳೆ ತೆಗೆಯಲೇ ಇಲ್ಲ. ಬೋರ್ಡಿನ ಮೇಲೆ ಒಂದು ಸತ್ತ ಸಿಂಹ ಬರೆದೆ. ಅದು ಬೆಕ್ಕಿನ ಹಾಗೆ ಬಂತು, ವರ್ಗ ನಕ್ಕಿತು, ನಾನೂ ನಕ್ಕೆ. ವರ್ಗದಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರು ಎಂದು ಕೇಳಿ, ಆ ಹುಡುಗಿಯಿಂದ ಶುರುಮಾಡಿಸಿದೆ. ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು, ನಾನು ಪ್ರತಿಯೊಂದಕ್ಕೂ ‘ಅದಕ್ಕಿಂತ ಮೊದಲು ಏನಾಗಿತ್ತು’ ಎಂದು ಕೇಳುತ್ತ ಹಿಂದೆ ಹಿಂದೆ ಹೋದೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಸರ್ ತಮ್ಮ ಪಾಳಿ ಬಂದಾಗ, ‘ನಾನು ಕೊನೆಯವನು ತಾನೇ?’ ಎಂದು ಕೇಳಿ ಪೆನ್ನಿನ ಮುಚ್ಚಳ ಮುಚ್ಚಿದರು. ನಾನು ಪಾಸಾಗಿದ್ದೇನೆಂದು ಆಗಲೇ ಗೊತ್ತಾಯಿತು.

ಆಗ ಆಯಿ ಕೈ ಎತ್ತಿದಳು. ಹುಡುಗರೆಲ್ಲ ಹಿಂದೆ ತಿರುಗಿದರು.

‘ತಮ್ಮಾ, ಕಾಲು ಮುರದು ಬಿದ್ದದ್ದಕ್ಕ ಉಳದ ಸಿಂಹ ಏನೂ ಮಾಡೂದಿಲ್ಲೇನು? ತಿನ್ನಾಕ ಬಿಡೂದಿಲ್ಲೇನು?’

ಹಾಳೆಗಳಲ್ಲಿ ಇದರ ಮಾತೇ ಇರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ನಾನು ಗೆದ್ದ ಉಮೇದಿನಲ್ಲಿದ್ದೆ, ಬೋರ್ಡಿನ ಮುಂದೆ ನಿಂತಿದ್ದೆ, ಕೈಯಲ್ಲಿ ಸುಣ್ಣದ ಕಡ್ಡಿ ಇತ್ತು.

‘ಇಲ್ಲ ಆಯಿ. ಕಾಡಿನಾಗ ಅಂಥಾದ್ದೆಲ್ಲ ನಡೆಯೂದಿಲ್ಲ. ಬಿದ್ದದ್ದು ಬಿತ್ತು’ ಎಂದೆ.

ಮಾತು ಖಡಕ್ಕಾಗಿ ಬಂತು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಆಯಿ ‘ಹೌದು ಬಿಡಪಾ’ ಎಂದು ಸೆರಗು ಸರಿಮಾಡಿಕೊಂಡು ಕುಳಿತಳು. ತಿರುಗಿ ಬರುವಾಗ ಹಾದಿಯುದ್ದಕ್ಕೂ ಮಾತಾಡಲಿಲ್ಲ. ಮೊಣಕಾಲು ನೋಯುತ್ತಿರಬೇಕು ಎಂದುಕೊಂಡೆ. ಸಂಜೆಗೆ ಎಲ್ಲ ಸರಿಯಾಗಿತ್ತು. ನನ್ನ ತಾಟಿಗೆ ಎರಡು ಹೋಳಿಗೆ ಬಿದ್ದವು. ಉಳಿದವರು ತಮಗೂ ಬೇಕೆಂದು ಗದ್ದಲ ಮಾಡಿದಾಗ, ಸಿಂಹ ಕೊಯ್ದವರಿಗಷ್ಟೇ ಎಂದಳು. ಗಲಗಲಿಯವನು ಮೊದಲು ಕೊಯ್ದವನು ತಾನೆಂದು ವಾದಿಸಿ ಮೂರು ತಿಂದ.

ನಾನು ಪದವೀಧರನಾದೆ. ಪ್ರಮಾಣಪತ್ರ ಬಂದ ದಿನ ಮೊದಲು ಆಯಿಗೆ ತೋರಿಸಿ, ಆಮೇಲೆ ಬನಹಟ್ಟಿಗೆ ಒಯ್ದೆ. ಆಯಿ ಹಿಟ್ಟಿನ ಕೈ ಒರೆಸಿಕೊಂಡು, ಕಾಗದ ಮುಟ್ಟದೆ, ಬಗ್ಗಿ ನೋಡಿದಳು. ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಮಗ್ಗದ ಎದುರಿನ ಗೋಡೆಗೆ ಮೊಳೆ ಹೊಡೆದರು. ಇವತ್ತಿಗೂ ಅಲ್ಲೇ ಇದೆ. ಮುಂದೆ ಬಿ.ಎಡ್. ಮುಗಿಸಿ ಬೀಳಗಿ ತಾಲ್ಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾದೆ. ಜಮಖಂಡಿಗೆ ಹೋದಾಗಲೆಲ್ಲ ಆಯಿಯ ಮನೆಯಲ್ಲೇ ಊಟ. ಹೋಗುವುದು ವರ್ಷಕ್ಕೆ ನಾಲ್ಕು ಸಲವಿದ್ದದ್ದು ಎರಡಾಯಿತು, ಒಂದಾಯಿತು... ಆಯಿ ಹೋದ ಸುದ್ದಿ ನನಗೆ ತಲುಪಿದ್ದು ಮಣ್ಣಾಗಿ ಮೂರು ದಿನವಾದ ಮೇಲೆ. ಬೆಳಿಗ್ಗೆ ಹುಡುಗರಿಗೆ ಚಹಾ ಕೊಟ್ಟು, ಗೋಡೆಗೆ ಒರಗಿ ಕುಳಿತವಳು ಏಳಲಿಲ್ಲವಂತೆ.

ಎರಡು ವರ್ಷದ ಹಿಂದೆ ಮಕ್ಕಳಿಗೆ ಪಾಠ ಮಾಡಲೆಂದು ಸಿಂಹಗಳ ಬಗ್ಗೆ ಓದುತ್ತಿದ್ದೆ. ಅಲ್ಲಿ ಒಂದು ಹೆಣ್ಣು ಸಿಂಹದ ವಿಷಯ ಬಂತು. ಕಾಲು ಮುರಿದು ಬೇಟೆಯಾಡಲು ಬಾರದಂತಾಗಿದ್ದರೂ ಅದು ಬಹಳ ಕಾಲ ಬದುಕಿತ್ತು. ಉಳಿದವು ಬೇಟೆ ಕೆಡವಿದಲ್ಲಿಗೆ ಅದು ಕುಂಟುತ್ತ, ತಡವಾಗಿ ಬರುತ್ತಿತ್ತು. ಅವು ಜಾಗ ಬಿಡುತ್ತಿದ್ದವು. ಯಾವಾಗಲೂ ಹೀಗಾಗುವುದಿಲ್ಲ, ಬೇಟೆ ಕಡಿಮೆಯಿದ್ದರೆ ಗದರಿಸಿ ಅಟ್ಟುತ್ತವೆ ಎಂದೂ ಬರೆದಿತ್ತು. ಆದರೆ ತಿನ್ನಲು ಬಿಡುವುದುಂಟು. ನಾನು ಪುಸ್ತಕ ಮುಚ್ಚಿದೆ. ನನ್ನ ಪದವಿಗೆ ದಾರಿ ಮಾಡಿಕೊಟ್ಟ ಆ ಮಧ್ಯಾಹ್ನ, ಎಲ್ಲಕ್ಕಿಂತ ಧೈರ್ಯದಿಂದ ಹೇಳಿದ ಮಾತೇ ತಪ್ಪಾಗಿತ್ತು. ಅದೂ ಮೊಣಕಾಲು ಹೋಗಿ ಹಿಂಡಿನಿಂದ ಹಿಂದೆ ಉಳಿದವಳ ಮುಂದೆ ಹೇಳಿದ್ದೆ. ಅಂದು ಆಕೆ ಯಾಕೆ ಸುಮ್ಮನಾದಳೆಂದು ಪುಸ್ತಕ ಮುಚ್ಚಿದಾಗ ನನಗೆ ತಿಳಿಯಿತು ಅನ್ನಿಸಿತು, ಆ ಭಾರ ಬಹಳ ದಿನ ಇಳಿಯಲಿಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಶಾಲೆಯ ಹಿಂದಿನ ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು. ವಿಚಾರಿಸಿದರೆ ಆಯಿಯ ಹಿರಿಮಗನ ಹಿಂಡು. ನಾನು ಹೋಗಿ ಗುರುತು ಹೇಳಿಕೊಂಡು, ಹಳೆಯದೆಲ್ಲ ಹೇಳಿ, ಆ ದಿನದ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಹೇಳಿ ತಪ್ಪೊಪ್ಪಿಕೊಂಡೆ. ಅವರು ಬೀಡಿ ಆರಿಸಿದರು. ಆಮೇಲೆ ನಕ್ಕರು.

‘ಆಕೀನ ನಾವೆಲ್ಲಿ ಬಿಟ್ಟಿದ್ವಿರಿ ಸರ. ವರ್ಷಾ ಬಂದಾಗೆಲ್ಲ ಕರದ್ವಿ, ಕೂರಾಕ ಕುದರಿ ಕೂಡ ತಂದಿದ್ವಿ. ನಾ ಬಂದರ ಇಲ್ಲಿ ಹುಡುಗೂರು ಉಪವಾಸ ಬೀಳತಾವ ಅಂತ ಆಕಿನೇ ಬರಲಿಲ್ಲ.’

ಅವರ ಸೊಸೆ ಬಿಡಾರದ ಒಳಗಿನಿಂದ ಚಹಾ ತಂದುಕೊಟ್ಟಳು, ಆಡಿನ ಹಾಲಿನದು, ಬಹಳ ಸಿಹಿ.

ಹಾಗಾದರೆ ಆಯಿ ಆ ದಿನ ಯಾರ ಬಗ್ಗೆ ಕೇಳಿದ್ದಳೋ... ಮನೆ ಬಿಟ್ಟು ಬಂದು, ಹೊತ್ತು ಮೀರಿ ಊಟಕ್ಕೆ ಆಕೆಯ ಬಾಗಿಲಿಗೆ ನಿಲ್ಲುತ್ತಿದ್ದ ನಮ್ಮ ಬಗ್ಗೆ ಇರಬಹುದು. ಸುಮ್ಮನೆ ಸಿಂಹದ ಬಗ್ಗೆಯೇ ಇರಬಹುದು. ಇದೊಂದನ್ನು ನಾನು ಆಕೆಯನ್ನೇ ಕೇಳಬೇಕಿತ್ತು. ಕೇಳಲಿಕ್ಕೆ ಎಷ್ಟೋ ಮಧ್ಯಾಹ್ನಗಳಿದ್ದವು, ಆಕೆ ಎದುರಿಗೇ ಕುಳಿತು ರೊಟ್ಟಿ ನೀಡುತ್ತಿದ್ದಳು, ನಾನು ಉಣ್ಣುತ್ತಿದ್ದೆ.